ಹಣಿಗಿ

ಸಾಲ್ಯಾಗ ನನ್ನ ಹೆಸರು ಜಾಲಿಕಂಟಿ.
ಹಾಜರಿ ಪುಸ್ತಕದಾಗ ಮಾತ್ರ ಶಾಂಭವಿ.

ಅವ್ವ ದಿನಾ ಮುಂಜಾನೆ ಪಡಸಾಲಿ ಕಂಬಕ್ಕ ಒರಗಿಸಿ ಕುಂದ್ರಿಸಿ
ಒಣಾ ಕೂದಲಕ್ಕ ಹಣಿಗಿ ಹಾಕತಿದ್ಲು,
ನೆತ್ತಿಯಿಂದ ಕೆಳಗ, ಸಿಟ್ಟಿಲೆ.
ಕೂದಲ ಚಟ್ ಅಂತಿತ್ತು, ನಾ ಯವ್ವಾ ಅಂತಿದ್ದೆ.
ಹಲ್ಲು ಒಂದೊಂದ ಉದುರಿ
ನಾಕನೇತ್ತಾ ಮುಗಿಯೂದ್ರಾಗ ಹಣಿಗಿ ಬೊಚ್ಚಬಾಯಿ ಆಗಿತ್ತು.
‘ಯಾರ ಕೂದಲಾ ಬಂದಾವೋ ಇವು’ ಅಂತ
ಅಪ್ಪನ ಕಡಿ ನೋಡತಿದ್ಲು.
ಅಪ್ಪ ಬೋಳ. ಸಾಕ್ಷಿ ಇಲ್ಲ.

ಗುಳೇದಗುಡ್ಡದಾಗ ನಮ್ಮ ಓಣಿ ಬೋರಿನ ನೀರು ಸವುಳ.
ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಕೊಡಂಗಿಲ್ಲ,
ಬಕೀಟಿನ ಅಂಚಿಗೆ ಬೆಳ್ಳಗ ಒಂದು ಗೆರಿ.
ಅದ ಗೆರಿ ನನ್ನ ತೆಲಿಮ್ಯಾಲೂ ಕುಂತಿತ್ತು.
ಮ್ಯಾಲ ಬಿಸಲು, ಗುಡ್ಡದ ಕೆಂಪು ಕಲ್ಲಿಗೆ ಬಡದು ತಿರುಗಿ ಬರೂ ಗಾಳಿ.
ಎಣ್ಣಿ ಹಚ್ಚಿದರ ಧೂಳ, ಹಚ್ಚದಿದ್ದರ ಹುಲ್ಲ.

ಕನ್ಯಾ ನೋಡಾಕ ಬರೂ ಹಿಂದಿನ ದಿನ
ಬಾಗಲಕೋಟಿ ಪಾರ್ಲರಿನ್ಯಾಗ ಕಾದ ಚಿಮಟಾ ಹಿಡದು ನೆಟ್ಟಗ ಮಾಡಿದ್ರು,
ಮೂರು ಸಾವಿರ ರೂಪಾಯಿ.
ಹುಡುಗನ ಕಡ್ಯಾವರು ಬಂದ್ರು, ಉಪ್ಪಿಟ್ಟು ತಿಂದ್ರು,
ಸುಟ್ಟ ವಾಸನಿ ಒಗ್ಗರಣಿದು ಅಂದಕೊಂಡಿರಬೇಕು.
ಆ ಲಗ್ನ ಆಗಲಿಲ್ಲ, ಆ ಮಾತು ಬ್ಯಾರೆ.

ಅಪ್ಪನ ಕುಣಿಮಗ್ಗ ಹಿಂದಿನ ಖೋಲ್ಯಾಗ.
ಕುಣ್ಯಾಗ ಕಾಲು ಇಳಿಬಿಟ್ಟರ ನೆಲದ ತಂಪು ಮಣಕಾಲತನಾ ಏರತೈತಿ.
ಬ್ಯಾಸಗ್ಯಾಗ ಹಾಸು ಒಣಗಿ ಎಳಿ ಹರದ್ರ
ಅಪ್ಪ ಬೈಯಂಗಿಲ್ಲ.
ಬಾಯಾಗ ನೀರು ತುಂಬಿಕೊಂಡು ಫುರ್ ಅಂತ ಸಿಂಪಡಸತಾನ,
ಗಂಟು ಹಾಕತಾನ, ಹಣಿಗಿ ಎಳೀತಾನ.
ಹೌದ್ರಿ, ಅದಕ್ಕೂ ಹಣಿಗಿ ಅಂತಾರ,
ಎಳಿಯ ಪಕ್ಕ ಎಳಿ ಒತ್ತಿ ಕೂಡ್ರಸೂ ಹಣಿಗಿ.

ಆವತ್ತ ನಾ ಸಿಕ್ಕು ಬಿಡಸಾಕಾಗದ ಅಳಕೋತ ಅಲ್ಲೇ ಕುಂತಿದ್ದೆ.
ಅಪ್ಪ ತೆಲಿ ಎತ್ತದ, ಲಾಳಿ ನಿಲ್ಲಸದ ಅಂದ:
‘ಒಣಾ ಎಳಿಗೆ ಹಣಿಗಿ ಹಾಕಬಾರದವ್ವಾ.
ತೊಯ್ಯಸು. ಗಂಜಿ ಕೊಡು.
ಆಮ್ಯಾಲ ಮುಟ್ಟಬ್ಯಾಡ, ಅದರ ಪಾಡಿಗೆ ಅದು ಒಣಗಲಿ.’
ನೂಲಿನ ಮಾತು ಹೇಳಿದನೋ, ನನಗ ಹೇಳಿದನೋ,
ಇನ್ನೂ ಗೊತ್ತಿಲ್ಲ.

ಈಗ ರವಿವಾರ ನಂದು.
ಕುಡಿಯೂ ನೀರಿನ ಕ್ಯಾನು ಒಂದು ಕದ್ದು ಇಟ್ಟಿರತೀನಿ.
ಹಿಂಡಿಗಂತ ತಂದ ಅಗಸಿ ಮೂರು ಚಮಚಾ,
ಸಣ್ಣ ಉರಿ, ಕೈಯಾಡಿಸಕೋತ ನಿಲ್ಲಬೇಕು,
ಬೆಂಡಿಕಾಯಿ ಲೋಳಿ ಹಂಗ ದಾರ ಬಿಟ್ಟ ಕೂಡಲೇ
ಬಿಸಿ ಇರೂದ್ರಾಗ ಸೋಸಬೇಕು,
ಆರಿದ್ರ ಧೋತರದ ಚೂರು ಅದನ್ನ ಬಿಡಂಗಿಲ್ಲ.
ಒಮ್ಮೆ ತಮ್ಮ ಪರಪ್ಪ ಸಾರು ಅಂತ ತಿಳದು
ರೊಟ್ಟಿ ಅದ್ದಿ ತಿಂದ. ಉಪ್ಪಿಲ್ಲ ಅಂದ.

ನೀರು ಇಳಿಯೂ ಕೂದಲಕ್ಕ ಬೆರಳೇ ಹಣಿಗಿ,
ತುದಿಯಿಂದ ಸುರು, ನಿಧಾನಕ ಮ್ಯಾಲ.
ಲೋಳಿ ಹಚ್ಚಿ ಮುಷ್ಟ್ಯಾಗ ಹಿಚಕಿದ್ರ
ಪುಚಕ್ ಪುಚಕ್ ಸಪ್ಪಳ,
ಒಂದೊಂದ ಸುರುಳಿ ತನ್ನ ದಾರಿ ನೆನಪು ಮಾಡಕೋತೈತಿ.
ಟಾವೆಲ್ ಬ್ಯಾಡ, ಹಳೇ ಬನಿಯನ್ ಸಾಕು.
ಒಣಗೂತನಾ ಮುಟ್ಟಬಾರದು. ಇದ ಕಠಿಣ.
ಒಣಗಿದ ಮ್ಯಾಲ ಬಿರಸು ಪೊರಿ ಕಟ್ಟಿರತೈತಿ,
ಒಂದು ಹನಿ ಕುಸುಬಿ ಎಣ್ಣಿ ಅಂಗೈಗೆ ತಿಕ್ಕಿ
ಅದನ್ನ ಮುರೀಬೇಕು, ಮೆತ್ತಗ,
ಹೊಸಾ ಖಣದ ಮಡಿಕಿ ಬಿಡಿಸಿದಂಗ.

ಹೋದ ರವಿವಾರ ಬಟ್ಟಲದಾಗ ಲೋಳಿ ಉಳದಿತ್ತು.
ಚೆಲ್ಲಾಕ ಹೊಂಟಿದ್ದೆ.
ಅವ್ವ ಬಂದು ಏನೂ ಅನ್ನಲಿಲ್ಲ,
ಕಂಬಕ್ಕ ಒರಗಿ ಕುಂತು, ತುರುಬು ಬಿಚ್ಚಿದ್ಲು.
ಮೂವತ್ತು ವರ್ಷ ಎಣ್ಣಿ ಹಚ್ಚಿ ಹಚ್ಚಿ ಒತ್ತಿದ ಕೂದಲ.
ನಾ ತೊಯ್ಯಿಸಿದೆ.
ಕಿವಿ ಹಿಂದ, ನರಿ ಬಂದ ಜಾಗದಾಗ,
ಒಂದು ಸುರುಳಿ ಮೆಲ್ಲಕ ಎದ್ದು ಕುಂತಿತು.
ಸಾಕ್ಷಿ.

‘ಒಣಗೂತನಾ ಮುಟ್ಟಬ್ಯಾಡಬೇ’ ಅಂದೆ.
ಮುಟ್ಟಿದ್ಲು.